ನೋವಿಲ್ಲದಾಗಲೇ ಆಸ್ಪತ್ರೆಗೆ

“ಚೆನ್ನಾಗೇ ಇದೀನಲ್ಲ, ಯಾಕ್ ತೋರಿಸ್ಬೇಕು?” ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಕರೆಯುವ ಆಶಾ ಕಾರ್ಯಕರ್ತೆಗೆ ಸಿಗುವ ಉತ್ತರ ಹೆಚ್ಚಾಗಿ ಇದೇ. ಇದನ್ನು ಉಡಾಫೆಯೆಂದು ತಳ್ಳಿಹಾಕಬಾರದು. ನೋವು ಬಂದಾಗ ಹೋಗುವ ಜಾಗವೇ ಆಸ್ಪತ್ರೆ ಎಂದು ತಲೆಮಾರುಗಳು ನಂಬಿದ್ದಕ್ಕೆ ಕಾರಣವಿತ್ತು.

ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ. ಹಾಸನದ ಕಡೆಯವರಿಗೆ ಅದು ಸುಮಾರು 180 ಕಿ.ಮೀ. ದೂರ, ರೋಗ ಬಲಿತ ಮೇಲೆ ಹತ್ತುವ ಮೆಟ್ಟಿಲು. ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2006ರಲ್ಲಿ. ಚನ್ನರಾಯಪಟ್ಟಣದ ಮೇಲೆ ರಾಜಧಾನಿಗೆ ನೇರ ರೈಲು ಓಡಿದ್ದು 2017ರಲ್ಲಿ.

ಅಷ್ಟರಲ್ಲಿ ಪರೀಕ್ಷೆಯೇ ಸರಳವಾಗಿತ್ತು. ವಿನೆಗರ್‌ನಲ್ಲಿರುವ ಆಮ್ಲವನ್ನು ನೀರಿಗೆ ತೆಳುವಾಗಿ ಬೆರೆಸಿ ಗರ್ಭಕಂಠಕ್ಕೆ ಹಚ್ಚಿದರೆ ಅಸಹಜ ಭಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಮುಂಬೈನ ಕೊಳೆಗೇರಿಗಳಲ್ಲಿ 1998ರಿಂದ ನಡೆದ ಅಧ್ಯಯನದಲ್ಲಿ, ತರಬೇತಿ ಪಡೆದ ಸ್ಥಳೀಯ ಮಹಿಳೆಯರೇ ಈ ಪರೀಕ್ಷೆ ಮಾಡಿದರು. ಈ ಕ್ಯಾನ್ಸರಿನ ಸಾವು ಶೇ 31ರಷ್ಟು ತಗ್ಗಿತು. 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಎಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ತಂದಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49ರ ವಯಸ್ಸಿನ ನೂರು ಮಹಿಳೆಯರಲ್ಲಿ ಒಮ್ಮೆಯಾದರೂ ತಪಾಸಣೆಗೆ ಒಳಗಾದವರು ಇಬ್ಬರೂ ಇಲ್ಲ.

ಅರಿವಿನ ಕೊರತೆ ಎಂದು ಇದನ್ನು ಮಹಿಳೆಯರ ತಲೆಗೆ ಕಟ್ಟುವುದು ಅನ್ಯಾಯ. ಅರಕಲಗೂಡಿನ ರಾಮನಾಥಪುರದ ಸುತ್ತ ಮಳೆಗಾಲದಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗೆ ಬೆಂಕಿ ಹಾಕಿದರೆ ಹಗಲುರಾತ್ರಿ ಕಾಯಬೇಕು. ಹೊಳೆನರಸೀಪುರದ ಹಳ್ಳಿಯಲ್ಲಿ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಲೇಬೇಕು. ಪರೀಕ್ಷಿಸುವವರು ಹೆಂಗಸೋ ಗಂಡಸೋ? ಮರೆಗೆ ಪರದೆ ಇದೆಯೋ? ಬಿಳಿಸೆರಗಿನ ವಿಷಯವನ್ನು ಅತ್ತೆಯೆದುರು ಹೇಗೆ ಎತ್ತುವುದು? ಏನಾದರೂ ಕಂಡರೆ ಮತ್ತೆ ಜಿಲ್ಲಾಸ್ಪತ್ರೆಗೆ ಅಲೆಯಬೇಕು. ಅಲ್ಲಿಗೆ ಜೊತೆ ಬರುವವರು ಯಾರು? 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ, ತಪ್ಪಿದ ಕೂಲಿಯನ್ನಲ್ಲ. ಆರಂಭದ ಬದಲಾವಣೆ ಕಂಡ ದಿನವೇ, ಸಾಧ್ಯವಿದ್ದಲ್ಲಿ ಅಲ್ಲೇ ಚಿಕಿತ್ಸೆ ಸಿಗುವಂತಾಗಬೇಕು. ಎರಡನೇ ಬಾರಿಗೆ ಬನ್ನಿ ಎಂದಾಗಲೇ ಎಷ್ಟೋ ಜನ ಕೈಬಿಟ್ಟುಹೋಗುತ್ತಾರೆ.

ಈಗ ತಾಯಂದಿರ ಮುಂದೆ ಇನ್ನೊಂದು ತೀರ್ಮಾನವಿದೆ: ಮಗಳಿಗೆ, ಈ ಕ್ಯಾನ್ಸರ್ ತರುವ ವೈರಸ್ಸನ್ನು ತಡೆಯುವ ಎಚ್‌ಪಿವಿ ಲಸಿಕೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಬಂತು. ಮದುವೆಯಾಗದ ಹುಡುಗಿಗೆ ಯಾಕೆ ಎಂಬ ಅನುಮಾನ ಸಹಜ. ಸೋಂಕು ತಗಲುವ ಮುಂಚೆ ಹಾಕಿಸಿದರೇ ಲಸಿಕೆಯ ಫಲ ಹೆಚ್ಚು. ಅದಕ್ಕೇ 9ರಿಂದ 14ರ ವಯಸ್ಸು. ಆದರೆ ಈಗಾಗಲೇ ಇರುವ ಸೋಂಕನ್ನು ಲಸಿಕೆ ತೆಗೆಯದು. ಹಾಗಾಗಿ ಮಗಳಿಗೆ ಲಸಿಕೆ ಹಾಕಿಸಲು ಬಂದ ತಾಯಿಯನ್ನು ಅಂದೇ, ಅಲ್ಲೇ ತಪಾಸಣೆಗೆ ಕರೆಯಬೇಕು.