ಒಳಗ ಬರ್ರಿ ಅನ್ನುವ ಗ್ರಂಥಾಲಯ

ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಕಡೆ ಒಂದೇ ಓಣಿಯಲ್ಲಿ ಕನ್ನಡ ಶಾಲೆ ಕಲಿತವರೂ ಮರಾಠಿ ಶಾಲೆ ಕಲಿತವರೂ ಇರುತ್ತಾರೆ. ಇಲ್ಲಿಯ ಗ್ರಂಥಪಾಲಕರಿಗೆ ಪುಸ್ತಕಗಳನ್ನು ವಿಂಗಡಿಸಿಡುವ ವಿದ್ಯೆಯ ಜತೆಗೆ ಎರಡೂ ಮಾತಿನ ಸಲುಗೆ ಬೇಕು. ಶೇಡಬಾಳದ ಮಿರ್ಜಿ ಅಣ್ಣಾರಾಯರ ಕಾದಂಬರಿ ‘ನಿಸರ್ಗ’ ಕೇಳಿ ಬಂದವರಿಗೆ, ನಿಪ್ಪಾಣಿಯ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಲೇ ಮರಾಠಿಯಲ್ಲಿ ಬರೆದ ಮಹಾದೇವ ಮೋರೆಯವರ ಹೆಸರನ್ನೂ ಹೇಳಬಲ್ಲವರು ಬೇಕು. ಕಂಪ್ಯೂಟರು ಈ ಕೆಲಸ ಮಾಡಲಾರದು.

ಗ್ರಂಥಾಲಯ ಯಾರದೋ ದಾನವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜತೆ ನಾವೇ ಗ್ರಂಥಾಲಯ ಕರ ಕಟ್ಟುತ್ತೇವೆ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಈಗ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಆದರೆ ಹೊಸಿಲಲ್ಲಿ ಅಳುಕಿ ನಿಂತ ಹುಡುಗಿಯನ್ನು ಒಳಗೆ ಕರೆಯುವುದು ಫಲಕವಲ್ಲ, ಅಲ್ಲಿ ಕೂತ ಮೇಲ್ವಿಚಾರಕರು.

ಒಳಗೆ ಬರಲು ಪುರಸೊತ್ತೇ ಇಲ್ಲದವರ ಮಾತೇನು? ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ ದುಡಿಯುವ, ಮನೆಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೈಗೆ ಬಿಡುವಿಲ್ಲ, ಕಿವಿಗೆ ಇದೆ. ಕ್ಯೂಬಾದ ಹವಾನಾದಲ್ಲಿ ಇದನ್ನು 1865ರಲ್ಲೇ ಕಂಡುಕೊಂಡರು. ಚುಟ್ಟಾ ಸುತ್ತುವವರ ನಡುವೆ ಎತ್ತರದ ಪೀಠದಲ್ಲಿ ಕೂತು ಒಬ್ಬರು ಪತ್ರಿಕೆ, ಕಾದಂಬರಿ ಓದುತ್ತಿದ್ದರು. ಅವರ ಸಂಬಳಕ್ಕೆ ಕಾರ್ಮಿಕರೇ ತಮ್ಮ ಕೂಲಿಯಲ್ಲಿ ಪಾಲು ಹಾಕುತ್ತಿದ್ದರು. ಅಲ್ಲಿಯ ಆಡಳಿತಕ್ಕೆ ಅದು ಎಷ್ಟು ಅಂಜಿಕೆ ತಂದಿತೆಂದರೆ ಮರುವರ್ಷವೇ ನಿಷೇಧ ಬಿತ್ತು. ಆದರೂ ಆ ಪದ್ಧತಿ ಉಳಿದು ಬಂದಿದೆ. ನಮ್ಮ ಬೀಡಿ ಕಟ್ಟುವ ಅಂಗಳಗಳಲ್ಲಿ ವಾರಕ್ಕೊಂದು ತಾಸು ಇಂಥ ಓದು ನಡೆಯಲಿ ಎಂಬುದು ನನ್ನ ಆಸೆ. ಅದಕ್ಕೆ ಕಟ್ಟಡ ಬೇಕಿಲ್ಲ, “ಅಕ್ಕಾರ, ಇವತ್ತ ಏನ್ ಓದೂಣ್ರಿ?” ಎಂದು ಕೇಳುವವರು ಸಾಕು.

ರಾಯಬಾಗ, ಅಥಣಿಯ ನದಿದಂಡೆಗೆ ಬೇರೆ ಗರಜಿದೆ. 2019ರಲ್ಲಿ ಕೃಷ್ಣೆ ಉಕ್ಕಿದಂಥ ಹೊತ್ತಿನಲ್ಲಿ ಪರಿಹಾರದ ಅರ್ಜಿ ಓದಿ ಹೇಳುವವರೇ ಊರಿಗೆ ದೊಡ್ಡ ಆಸರೆ. ಅದೇ ವರ್ಷ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಬೆಳಗಾವಿ ಜಿಲ್ಲೆಗೂ ಸೇರಿದ್ದು. ಅದರಿಂದ ತಮಗೇನು ಹಕ್ಕು ಬಂತೆಂದು ಅಥಣಿಯ ಚಪ್ಪಲಿ ಕಸುಬಿನವರು ಸಂಕೋಚವಿಲ್ಲದೆ ಕೇಳುವ ಜಾಗ ಗ್ರಂಥಾಲಯವಾಗಬೇಕು.

ಇಷ್ಟನ್ನೆಲ್ಲ ಮೇಲ್ವಿಚಾರಕರಿಂದ ಬಯಸುವಾಗ ಅವರ ತರಬೇತಿಯಲ್ಲಿ ಜನರೊಡನೆ ಮಾತಾಡುವ, ಗಟ್ಟಿಯಾಗಿ ಓದುವ ಪಾಠ ಸೇರಲಿ. ಓಣಿ ತಿರುಗಿದ ತಾಸುಗಳನ್ನೂ ಕೆಲಸವೆಂದು ಬರೆದುಕೊಂಡು ಪಂಚಾಯಿತಿ ಸಂಬಳ ಕೊಡಲಿ.