ಚಿಕ್ಕ ಟಗ್, ದೊಡ್ಡ ಹಡಗು, ನಡುವೆ ಒಂದು ಹಗ್ಗ

ಮೂರನೇ ಸೆಮಿಸ್ಟರಿನ ಫ್ಲುಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮೆಟಾಸೆಂಟರ್ ಅಂತ ಒಂದು ಟಾಪಿಕ್ ಇದೆ. ನಮ್ಮಲ್ಲಿ ಬಹಳ ಜನ ಆ ಡೆರಿವೇಶನ್ನನ್ನು ಉರು ಹೊಡೆದು, ಪರೀಕ್ಷೆ ಮುಗಿದ ಮರುದಿನ ಮರೆತುಬಿಡ್ತೀವಿ. ನಾವೂ ಹಾಗೇ ಮಾಡಿದ್ವಿ. ಆಮೇಲೆ ಟಗ್ ಮತ್ತು ಬಾರ್ಜ್‌ಗಳ ಬಗ್ಗೆ ಓದೋಕೆ ಕೂತಾಗ, ಅದೇ ಡೆರಿವೇಶನ್ ಮೇಲೆ ಎಷ್ಟೋ ಜನರ ಜೀವ ನಿಂತಿದೆ ಅಂತ ಗೊತ್ತಾಯ್ತು. ಅದನ್ನು ನಿಮಗೂ ಹೇಳೋಣ ಅಂತ ಈ ಲೇಖನ.

ಮೊದಲು ಪರಿಚಯ. ಬಾರ್ಜ್ ಅಂದ್ರೆ ಚಪ್ಪಟೆ ತಳದ, ಪೆಟ್ಟಿಗೆಯಂಥ ಸರಕು ದೋಣಿ. ಹೆಚ್ಚಿನವಕ್ಕೆ ಸ್ವಂತ ಇಂಜಿನ್ ಇರಲ್ಲ. ಟಗ್ ಅಂದ್ರೆ ಅಂಥವನ್ನೂ, ದೊಡ್ಡ ಹಡಗುಗಳನ್ನೂ ಎಳೆಯೋ ಅಥವಾ ತಳ್ಳೋ ಗಟ್ಟಿ ದೋಣಿ. ಬಂದರಿನ ಒಂದು ಟಗ್ ಸುಮಾರು 30 ಮೀಟರ್ ಉದ್ದ ಇರುತ್ತೆ ಅಷ್ಟೇ. ಅದು 300–400 ಮೀಟರ್ ಉದ್ದದ ಹಡಗನ್ನು ತಿರುಗಿಸಿ ದಡಕ್ಕೆ ತಂದು ನಿಲ್ಲಿಸುತ್ತೆ. ಹೇಗೆ?

ವೇಗ ಅಲ್ಲ, ಬಲ

ಕಾರಿನ ಶಕ್ತಿಯನ್ನು ನಾವು ಹಾರ್ಸ್‌ಪವರ್‌ನಲ್ಲಿ ಕೇಳ್ತೀವಿ. ಟಗ್ ವಿಷಯದಲ್ಲಿ ಕೇಳೋದು 'ಬೊಲಾರ್ಡ್ ಪುಲ್'. ದಡದಲ್ಲಿ ಹಡಗು ಕಟ್ಟೋಕೆ ಇರೋ ಕಬ್ಬಿಣದ ಮೋಟು ಕಂಬವೇ ಬೊಲಾರ್ಡ್. ಟಗ್ಗನ್ನು ಅದಕ್ಕೆ ಕಟ್ಟಿ, ಇಂಜಿನ್ ಪೂರ್ತಿ ಓಡಿಸಿ, ಹಗ್ಗದಲ್ಲಿ ಎಷ್ಟು ಟನ್ ಸೆಳೆತ ಬರುತ್ತೆ ಅಂತ ಲೋಡ್ ಸೆಲ್‌ನಿಂದ ಅಳೀತಾರೆ. ಟಗ್ ಒಂದಿಂಚೂ ಮುಂದೆ ಹೋಗಲ್ಲ, ಆದರೂ ಅದೇ ಅದರ ಮಾರ್ಕ್ಸ್ ಕಾರ್ಡ್. ಈಗಿನ ಬಂದರಿನ ಟಗ್‌ಗಳಲ್ಲಿ 50ರಿಂದ 80 ಟನ್ ಮಾಮೂಲು. ಪ್ರೊಪೆಲ್ಲರ್ ಸುತ್ತ ಕೊರ್ಟ್ ನಾಜಲ್ ಅನ್ನೋ ಉಂಗುರದಂಥ ಕವಚ ಹಾಕಿದ್ರೆ ಕಡಿಮೆ ವೇಗದಲ್ಲಿ ಥ್ರಸ್ಟ್ ಇನ್ನೂ ಹೆಚ್ಚುತ್ತೆ.

2021ರ ಮಾರ್ಚ್ 23ರಂದು ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಾಗ ನಾವೆಲ್ಲ ಮೀಮ್ ನೋಡಿ ನಕ್ಕಿದ್ದು ನೆನಪಿರಬಹುದು. ಆ ಮೀಮ್‌ಗಳಲ್ಲಿ ಕಾಣದೇ ಇದ್ದದ್ದು ಟಗ್‌ಗಳು. ಹತ್ತಕ್ಕೂ ಹೆಚ್ಚು ಟಗ್‌ಗಳು ಎಳೆದವು, ತಳ್ಳಿದವು. ಡ್ರೆಜರ್‌ಗಳು ಸುಮಾರು 30,000 ಘನ ಮೀಟರ್ ಮರಳು ತೆಗೆದವು. ಕೊನೆಗೆ 285 ಟನ್ ಬೊಲಾರ್ಡ್ ಪುಲ್ ಇರೋ ಆಲ್ಪ್ ಗಾರ್ಡ್ ಟಗ್ ಬಂದು ಸೇರಿಕೊಂಡಿತು, ಹುಣ್ಣಿಮೆಯ ದೊಡ್ಡ ಉಬ್ಬರವೂ ಜೊತೆಯಾಯ್ತು. ಮಾರ್ಚ್ 29ಕ್ಕೆ ಹಡಗು ಬಿಡುಗಡೆ ಆಯ್ತು.

ಎಳೆಯೋನೇ ಮಗುಚಿದರೆ?

ಹಳೇ ಮಾದರಿಯ ಟಗ್‌ನಲ್ಲಿ ಪ್ರೊಪೆಲ್ಲರ್ ಹಿಂದಿರುತ್ತೆ, ಹಗ್ಗದ ಕೊಕ್ಕೆ ದೋಣಿಯ ನಡುಭಾಗದ ಹತ್ತಿರ ಇರುತ್ತೆ. ಎಳೆಸಿಕೊಳ್ಳೋ ಹಡಗು ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿಕೊಂಡರೆ ಅಥವಾ ಪಕ್ಕಕ್ಕೆ ತಿರುಗಿದರೆ ಹಗ್ಗ ಟಗ್ಗನ್ನು ಅಡ್ಡಡ್ಡ ಎಳೆಯುತ್ತೆ. ಮೇಲೆ ಹಗ್ಗದ ಸೆಳೆತ ಒಂದು ಕಡೆಗೆ, ಕೆಳಗೆ ನೀರಿನ ತಡೆ ಇನ್ನೊಂದು ಕಡೆಗೆ. ಎರಡೂ ಸೇರಿ ಕಪಲ್ ಆಯ್ತು. ಮೆಟಾಸೆಂಟ್ರಿಕ್ ಹೈಟ್ ಕೊಡೋ ರೈಟಿಂಗ್ ಮೊಮೆಂಟ್ ಇದಕ್ಕಿಂತ ಕಡಿಮೆ ಆದ್ರೆ ಟಗ್ ಕೆಲವೇ ಸೆಕೆಂಡಲ್ಲಿ ಮಗುಚುತ್ತೆ. ಇದಕ್ಕೆ ಗರ್ಟಿಂಗ್ ಅಂತಾರೆ. ಒಳಗಿದ್ದವರಿಗೆ ಹೊರಬರೋಕೆ ಟೈಮೇ ಸಿಗಲ್ಲ. ಅದಕ್ಕೇ ಕೊಕ್ಕೆಗೆ ತಕ್ಷಣ ಹಗ್ಗ ಬಿಡೋ ವ್ಯವಸ್ಥೆ ಕಡ್ಡಾಯವಾಗಿ ಬೇಕು.

ಪರಿಹಾರ ಬಂದದ್ದು ಡಿಸೈನಿನಿಂದ. ಟ್ರಾಕ್ಟರ್ ಟಗ್‌ನಲ್ಲಿ ಥ್ರಸ್ಟ್ ಕೊಡೋ ಭಾಗ ಮುಂದೆ, ಹಗ್ಗ ಕಟ್ಟೋ ಜಾಗ ಹಿಂದೆ. ಹಗ್ಗ ಜೋರಾಗಿ ಎಳೆದರೆ ಟಗ್ ಅಡ್ಡ ಮಗುಚೋ ಬದಲು ತಿರುಗಿ ಹಗ್ಗದ ನೇರಕ್ಕೇ ನಿಲ್ಲುತ್ತೆ. ಇಂಥ ಹಲವು ಟಗ್‌ಗಳಲ್ಲಿ ವಾಯ್ತ್ ಷ್ನೈಡರ್ ಪ್ರೊಪೆಲ್ಲರ್ ಇರುತ್ತೆ: ದೋಣಿಯ ತಳದಲ್ಲಿ ತಿರುಗೋ ಒಂದು ತಟ್ಟೆ, ಅದರಿಂದ ಕೆಳಕ್ಕೆ ಇಳಿಬಿದ್ದ ಬ್ಲೇಡುಗಳು, ಸುತ್ತುವಾಗಲೇ ಪ್ರತಿ ಬ್ಲೇಡಿನ ಕೋನ ಬದಲಾಗ್ತಾ ಇರುತ್ತೆ. ಹಾಗಾಗಿ ಯಾವ ದಿಕ್ಕಿಗೆ ಬೇಕಾದ್ರೂ ಥ್ರಸ್ಟ್ ಸಿಗುತ್ತೆ. ಇನ್ನೊಂದು ದಾರಿ ಅಜಿಮತ್ ಥ್ರಸ್ಟರ್. ಇದರಲ್ಲಿ ಪ್ರೊಪೆಲ್ಲರ್ ಘಟಕವೇ 360 ಡಿಗ್ರಿ ತಿರುಗುತ್ತೆ, ಚುಕ್ಕಾಣಿಯೇ ಬೇಡ.

ನದಿಯಲ್ಲಿ ತಳ್ಳು, ಕಡಲಲ್ಲಿ ಎಳೆ

ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ 195 ಅಡಿ ಉದ್ದ, 35 ಅಡಿ ಅಗಲದ ಬಾರ್ಜ್‌ಗಳನ್ನು ಅಡ್ಡಕ್ಕೆ 3, ಉದ್ದಕ್ಕೆ 5ರಂತೆ ಬಿಗಿದು, 15 ಬಾರ್ಜ್‌ಗಳನ್ನು ಒಂದೇ ದೋಣಿ ಹಿಂದಿನಿಂದ ತಳ್ಳುತ್ತೆ. ಒಂದೊಂದರಲ್ಲಿ ಸುಮಾರು 1,500 ಟನ್, ಒಟ್ಟು 22,500 ಟನ್ ಸರಕು. ಎಲ್ಲ ಸೇರಿ ಒಂದೇ ರಿಜಿಡ್ ಬಾಡಿ ಆಗೋದ್ರಿಂದ ತಿರುವುಗಳಲ್ಲಿ ಹಿಡಿತ ಇರುತ್ತೆ.

ಕಡಲಲ್ಲಿ ಈ ಉಪಾಯ ನಡೆಯಲ್ಲ. ಅಲೆಗಳು ಅಂಥ ಬಿಗಿತವನ್ನು ಮುರಿದುಹಾಕ್ತವೆ. ಅಲ್ಲಿ ನೂರಾರು ಮೀಟರ್ ಉದ್ದದ ಉಕ್ಕಿನ ಹಗ್ಗ ಬಿಟ್ಟು ಎಳೀತಾರೆ. ಹಗ್ಗ ತನ್ನ ಭಾರಕ್ಕೆ ನೀರೊಳಗೆ ಜೋತುಬೀಳುತ್ತೆ. ಗಣಿತದಲ್ಲಿ ಕ್ಯಾಟಿನರಿ ಅಂತ ಓದಿದ್ದೀವಲ್ಲ, ಅದೇ. ಅಲೆ ಬಂದು ಟಗ್ ಮತ್ತು ಬಾರ್ಜ್ ದೂರ ಸರಿದಾಗ ಮೊದಲು ಈ ಜೋತು ಕಡಿಮೆಯಾಗುತ್ತೆ, ಹಗ್ಗಕ್ಕೆ ಒಮ್ಮೆಲೇ ಜಗ್ಗು ಬೀಳಲ್ಲ. ಅಂದ್ರೆ ಹಗ್ಗವೇ ಶಾಕ್ ಅಬ್ಸಾರ್ಬರ್.

ಕ್ಲಿಯೋಪಾತ್ರಾಳ ಸೂಜಿ

ಉಗಿಯಿಂದ ಎಳೆಯೋ ಕೆಲಸ ಹಳೇದು. 1803ರಲ್ಲಿ ಸ್ಕಾಟ್‌ಲೆಂಡಿನ ಕಾಲುವೆಯೊಂದರಲ್ಲಿ ವಿಲಿಯಂ ಸಿಮಿಂಗ್ಟನ್ ಕಟ್ಟಿದ ಷಾರ್ಲಟ್ ಡಂಡಸ್, 70 ಟನ್‌ನ ಎರಡು ಬಾರ್ಜ್‌ಗಳನ್ನು ಎದುರುಗಾಳಿಯಲ್ಲಿ ಸುಮಾರು 30 ಕಿ.ಮೀ. ಎಳೆದಿತ್ತು. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು 1877ರ ಒಂದು ಪಯಣ.

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ, ಸುಮಾರು 21 ಮೀಟರ್ ಉದ್ದದ ಒಂದು ಕಲ್ಲಿನ ಕಂಬವನ್ನು ಲಂಡನ್‌ಗೆ ತರಬೇಕಿತ್ತು. ಇಂಜಿನಿಯರ್ ಜಾನ್ ಡಿಕ್ಸನ್, ಕಂಬದ ಸುತ್ತಲೇ ಸುಮಾರು 28 ಮೀಟರ್ ಉದ್ದದ ಕಬ್ಬಿಣದ ಸಿಲಿಂಡರ್ ಕಟ್ಟಿಸಿ, ಅದನ್ನು ನೀರಿಗೆ ಉರುಳಿಸಿ, ಮೇಲೆ ಸಣ್ಣ ಕ್ಯಾಬಿನ್, ಕಂಬ, ಚುಕ್ಕಾಣಿ ಹಾಕಿಸಿದರು. ಹೆಸರು ಕ್ಲಿಯೋಪಾತ್ರಾ. ಸೆಪ್ಟೆಂಬರ್‌ನಲ್ಲಿ ಓಲ್ಗಾ ಎಂಬ ಹಡಗು ಅದನ್ನು ಎಳೆದುಕೊಂಡು ಹೊರಟಿತು.

ಅಕ್ಟೋಬರ್ 14ರಂದು ಬಿಸ್ಕೆ ಕೊಲ್ಲಿಯಲ್ಲಿ ಬಿರುಗಾಳಿ. ಸಿಲಿಂಡರ್ ಹೊರಳಾಡಿ, ಒಳಗಿನ ಬ್ಯಾಲಸ್ಟ್ ಜಾರಿ, ಅದು ಒಂದು ಕಡೆಗೆ ವಾಲಿತು. ಸೆಂಟರ್ ಆಫ್ ಗ್ರಾವಿಟಿ ಪಕ್ಕಕ್ಕೆ ಸರಿದರೆ ಏನಾಗುತ್ತೆ ಅಂತ ನಾವು ಲ್ಯಾಬ್‌ನಲ್ಲಿ ಚಿಕ್ಕ ತೂಕ ಜರುಗಿಸಿ ನೋಡ್ತೀವಿ, ಅದೇ. ಅದರ ಮೇಲಿದ್ದವರನ್ನು ಕಾಪಾಡೋಕೆ ಓಲ್ಗಾದಿಂದ 6 ಜನ ತಾವಾಗೇ ಮುಂದೆ ಬಂದು ಸಣ್ಣ ದೋಣಿಯಲ್ಲಿ ಹೊರಟರು. ಆರೂ ಜನ ಕಡಲು ಪಾಲಾದರು. ಕೊನೆಗೆ ಕ್ಲಿಯೋಪಾತ್ರಾದ ಸಿಬ್ಬಂದಿಯನ್ನು ಓಲ್ಗಾಗೆ ಹತ್ತಿಸಿಕೊಂಡು, ಸಿಲಿಂಡರನ್ನು ಕಡಲಿಗೇ ಬಿಟ್ಟರು. ಮುಳುಗಿತು ಅಂದುಕೊಂಡಿದ್ದರು. ಅದು ಮುಳುಗಿರಲಿಲ್ಲ! ಕೆಲ ದಿನಗಳಲ್ಲಿ ಬೇರೊಂದು ಹಡಗಿಗೆ ತೇಲುತ್ತಾ ಸಿಕ್ಕಿ ಸ್ಪೇನಿನ ಫೆರೋಲ್ ಸೇರಿತು. ಅಲ್ಲಿಂದ ಆಂಗ್ಲಿಯಾ ಎಂಬ ಟಗ್ ಅದನ್ನು 1878ರ ಜನವರಿಯಲ್ಲಿ ಥೇಮ್ಸ್ ನದಿಗೆ ಎಳೆತಂದಿತು. ಈಗಲೂ ಲಂಡನ್ನಿನ ಆ ಕಂಬದ ಬುಡದಲ್ಲಿ ಆ 6 ನಾವಿಕರ ಹೆಸರುಗಳಿವೆ.

ನಮ್ಮ ಕಡಲಲ್ಲೂ

ಇದು ಹಳೇ ಕಥೆ ಅಂತ ಬಿಡೋ ಹಾಗಿಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಬಂದಾಗ ಮುಂಬೈ ಹೈ ತೈಲ ಕ್ಷೇತ್ರದಲ್ಲಿ ಕೆಲಸಗಾರರು ಉಳಿದುಕೊಳ್ಳೋ ಪಿ-305 ಬಾರ್ಜ್‌ನಲ್ಲಿ 261 ಜನ ಇದ್ದರು. ಲಂಗರು ಕಿತ್ತುಕೊಂಡಿತು. ಗಾಳಿ ಎಳೆದ ಕಡೆಗೆ ಹೋಗೋದು ಬಿಟ್ಟರೆ ಅದಕ್ಕೆ ಬೇರೆ ದಾರಿ ಇರಲಿಲ್ಲ. ಅಂದು ಸಂಜೆ ಅದು ಮುಳುಗಿತು. ಐಎನ್‌ಎಸ್ ಕೊಚ್ಚಿ, ಐಎನ್‌ಎಸ್ ಕೋಲ್ಕತ್ತಾ ಮತ್ತಿತರ ಹಡಗುಗಳು 180ಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡವು, ಉಳಿದವರು ಮರಳಲಿಲ್ಲ. ವರಪ್ರದಾ ಎಂಬ ಟಗ್ ಕೂಡ ಮುಳುಗಿ, 13 ಜನರಲ್ಲಿ ಇಬ್ಬರು ಮಾತ್ರ ಬದುಕಿದರು. ಅದೇ ಚಂಡಮಾರುತದಲ್ಲಿ ನಮ್ಮ ಮೂಲ್ಕಿ ಬಳಿ ಕೋರಮಂಡಲ್ ಸಪೋರ್ಟರ್-9 ಟಗ್ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕರಾವಳಿ ರಕ್ಷಣಾ ಪಡೆ ಸೇರಿ 9 ಜನರನ್ನೂ ಉಳಿಸಿದರು.

ಇಂಜಿನ್ ಇಲ್ಲದ ದೋಣಿಗೆ ಹಗ್ಗ ಅಥವಾ ಲಂಗರೇ ಆಧಾರ. ಅದು ತಪ್ಪಿದ ಮೇಲೆ ಉಳಿಯೋದು ಸ್ಟೆಬಿಲಿಟಿ ಲೆಕ್ಕ ಮತ್ತು ಹತ್ತಿರ ಬರೋ ಧೈರ್ಯ ಇರೋ ಜನ. ಧೈರ್ಯ ನಮ್ಮ ಸಿಲಬಸ್‌ನಲ್ಲಿ ಇಲ್ಲ, ಲೆಕ್ಕ ಇದೆ. ಮುಂದಿನ ಸಲ ಮೆಟಾಸೆಂಟರ್ ಪ್ರಯೋಗದ ರೀಡಿಂಗನ್ನು ಪಕ್ಕದ ಬ್ಯಾಚಿನಿಂದ ಕಾಪಿ ಮಾಡೋಕೆ ಮೊದಲು ಒಂದ್ಸಲ ನಾವೇ ತೂಕ ಜರುಗಿಸಿ, ದೋಣಿ ಎಷ್ಟು ವಾಲುತ್ತೆ ಅಂತ ನೋಡೋಣ.