ಮತ ಬಿದ್ದದ್ದು ಒಬ್ಬರಿಗೆ, ಟಿಕೆಟ್ ಸಿಕ್ಕಿದ್ದು ಇನ್ನೊಬ್ಬರಿಗೆ

ವಿಯೆಟ್ನಾಂ ಯುದ್ಧ ಅಮೆರಿಕದ ಡೆಮಾಕ್ರಟಿಕ್ ಪಕ್ಷವನ್ನು ಒಡೆಯಿತು ಎನ್ನುವುದು ರೂಢಿಯ ಮಾತು. ಅದು ಅರ್ಧ ಮಾತ್ರ ನಿಜ. ಭಿನ್ನಮತ ಮೊದಲಿನಿಂದಲೂ ಇತ್ತು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಯುದ್ಧದ ಅಧಿಕಾರ ಕೊಟ್ಟ ಟಾಂಕಿನ್ ಕೊಲ್ಲಿ ನಿರ್ಣಯಕ್ಕೆ ಸೆನೆಟ್‌ನಲ್ಲಿ ವಿರುದ್ಧ ಬಿದ್ದ ಎರಡೇ ಮತಗಳು ಅವರದೇ ಪಕ್ಷದವರದು. 1966ರಲ್ಲಿ ಟೀವಿ ಕ್ಯಾಮೆರಾಗಳೆದುರು ಯುದ್ಧನೀತಿಯನ್ನು ವಿಚಾರಣೆಗೆ ಒಡ್ಡಿದ ಸೆನೆಟರ್ ಫುಲ್‌ಬ್ರೈಟ್ ಕೂಡ ಡೆಮಾಕ್ರಟ್. ಆದರೂ ಪಕ್ಷ ಒಡೆಯಲಿಲ್ಲ. ಒಡೆದದ್ದು 1968ರಲ್ಲಿ, ಮತ ಹಾಕಿಯೂ ಏನೂ ಬದಲಾಗದು ಎಂದು ಕಾರ್ಯಕರ್ತರಿಗೆ ಖಾತ್ರಿಯಾದಾಗ.

ಆ ಮಾರ್ಚ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪ್ರಾಥಮಿಕ ಚುನಾವಣೆಯಲ್ಲಿ ಯುದ್ಧವಿರೋಧಿ ಯೂಜೀನ್ ಮೆಕಾರ್ಥಿ ಶೇ. 42ರಷ್ಟು ಮತ ಪಡೆದರು. ಶೇ. 49 ಪಡೆದು ಗೆದ್ದ ಜಾನ್ಸನ್ ತಿಂಗಳ ಕೊನೆಗೆ ಕಣದಿಂದಲೇ ಹಿಂದೆ ಸರಿದರು. ಜೂನ್‌ನಲ್ಲಿ ಇನ್ನೊಬ್ಬ ಯುದ್ಧವಿರೋಧಿ ಆಕಾಂಕ್ಷಿ ರಾಬರ್ಟ್ ಕೆನಡಿ ಹತ್ಯೆಯಾಯಿತು. ಕೊನೆಗೆ ಟಿಕೆಟ್ ಸಿಕ್ಕಿದ್ದು, ಒಂದೂ ಪ್ರಾಥಮಿಕ ಚುನಾವಣೆಗೆ ಇಳಿಯದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೆ. ಟಿಕೆಟ್ ನಿರ್ಧರಿಸುವ ಅಧಿವೇಶನಕ್ಕೆ ಹೆಚ್ಚಿನ ರಾಜ್ಯಗಳ ಪ್ರತಿನಿಧಿಗಳನ್ನು ಆರಿಸುತ್ತಿದ್ದವರು ಪಕ್ಷದ ಮುಖಂಡರು, ಮತದಾರರಲ್ಲ. ಷಿಕಾಗೊ ಅಧಿವೇಶನದಲ್ಲಿ ಬಾಂಬ್ ದಾಳಿ ನಿಲ್ಲಿಸಬೇಕೆಂಬ ಗೊತ್ತುವಳಿ ಬಿದ್ದುಹೋಯಿತು. ಹಾಗಿದ್ದೂ ಅದರ ಪರ ಸಾವಿರಕ್ಕೂ ಹೆಚ್ಚು ಮತಗಳಿದ್ದವು. ಮುಖಂಡರೇ ಆರಿಸಿದ ಸಭೆಯಲ್ಲೂ ಶೇ. 40ರಷ್ಟು ಬೆಂಬಲ! ಹೊರಗೆ ಬೀದಿಯಲ್ಲಿ ಪ್ರತಿಭಟನಕಾರರ ಮೇಲೆ ಪೊಲೀಸರು ಲಾಠಿ ಬೀಸುತ್ತಿದ್ದರು.

ಮೆಕಾರ್ಥಿಗೆ ಬಿದ್ದ ಮತವೆಲ್ಲ ಶಾಂತಿಯ ಮತವಲ್ಲ ಎಂಬ ಆಕ್ಷೇಪವಿದೆ. ಸರಿಯೇ. ಯುದ್ಧವನ್ನು ಇನ್ನಷ್ಟು ಬಿರುಸಾಗಿ ನಡೆಸಬೇಕೆಂದವರೂ ಜಾನ್ಸನ್ ಮೇಲಿನ ಸಿಟ್ಟಿಗೆ ಅವರನ್ನು ಬೆಂಬಲಿಸಿದ್ದರು. ಜನಕ್ಕೆ ಯುದ್ಧನೀತಿ ಬೇಡವಾಗುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ಪಕ್ಷದೊಳಗೆ ಮುಕ್ತ ಚರ್ಚೆ ಬೇಕಿದ್ದದ್ದು ಅದಕ್ಕಾಗಿಯೇ. ಭಿನ್ನಮತೀಯರಿಂದಲೇ ರಿಪಬ್ಲಿಕನ್ ಪಕ್ಷದ ನಿಕ್ಸನ್ ಗೆದ್ದರು ಎನ್ನುವ ಇನ್ನೊಂದು ವಾದ ನನಗೆ ಒಪ್ಪಿಗೆಯಿಲ್ಲ. ಸೆಪ್ಟೆಂಬರ್ 30ರಂದು ಹಂಫ್ರಿ ಬಾಂಬ್ ದಾಳಿ ನಿಲ್ಲಿಸುವ ಮಾತಾಡಿ ಜಾನ್ಸನ್‌ರಿಂದ ತುಸು ದೂರ ಸರಿದ ಮೇಲೆಯೇ ಅವರ ಬೆಂಬಲ ಏರತೊಡಗಿತು. ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಕೊನೆಗೆ ಸೋಲಿನ ಅಂತರ ಉಳಿದದ್ದು ಸುಮಾರು 5 ಲಕ್ಷ ಮತ, ಶೇಕಡಾ ಒಂದಕ್ಕೂ ಕಡಿಮೆ. ಆ ಮಾತನ್ನು ಷಿಕಾಗೊದಲ್ಲೇ ಆಡಿದ್ದರೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದು ಕಷ್ಟ.

ಮುಂದೆ ಪಕ್ಷ ಅಭ್ಯರ್ಥಿ ಆಯ್ಕೆಯ ನಿಯಮ ಬದಲಿಸಿತು. 1972ರಲ್ಲಿ ಯುದ್ಧವಿರೋಧಿ ಜಾರ್ಜ್ ಮೆಕ್‌ಗವರ್ನ್‌ಗೆ ಟಿಕೆಟ್ ಸಿಕ್ಕಿ, ಅವರು 49 ರಾಜ್ಯಗಳಲ್ಲಿ ಸೋತರು. ಇದನ್ನು ಯುದ್ಧವಿರೋಧದ ಸೋಲೆಂದು ಓದುವವರು ಒಂದನ್ನು ಮರೆಯುತ್ತಾರೆ: ಅಷ್ಟರಲ್ಲಿ ನಿಕ್ಸನ್ ಬಹುಪಾಲು ಸೈನಿಕರನ್ನು ವಾಪಸ್ ಕರೆಸಿಕೊಂಡಿದ್ದರು.